ಬೀಡಿ ಬಿಟ್ಟವರಿಗೆ ಮಾತ್ರ ಕಫ ಪರೀಕ್ಷೆಯೇ?

ತುಮಕೂರು ಜಿಲ್ಲೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಈ ಸಲ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಬಸ್ ನಿಲ್ದಾಣದಲ್ಲಿ ಬೀಡಿ ಸಿಗರೇಟು ಸೇದಿದರೆ ಸಾವಿರ ರೂಪಾಯಿವರೆಗೆ ದಂಡ ಎಂಬ ಕಾನೂನು ಬಂದದ್ದು ಸಂತೋಷ. ಆದರೆ ಅದೇ ಸರ್ಕಾರ ನಮ್ಮೂರಿಗೆ ಎಕ್ಸ್‌ರೇ ಮೆಷಿನ್ ಕಳಿಸಿ, ಬೀಡಿ ಸೇದುವವರನ್ನು ಹುಡುಕಿ ಹುಡುಕಿ ಕ್ಷಯದ ಪರೀಕ್ಷೆ ಮಾಡಿಸುತ್ತಿದೆ. ರೋಗ ಇದೆ ಎಂದಾದರೆ ಮಾತ್ರೆ ಪುಕ್ಕಟೆ, ತಿಂಗಳಿಗೆ ಸಾವಿರ ರೂಪಾಯಿ ಬೇರೆ. ಒಂದು ಕೈಯಲ್ಲಿ ದಂಡ, ಇನ್ನೊಂದು ಕೈಯಲ್ಲಿ ದುಡ್ಡು! ಬೀಡಿ ಬಿಟ್ಟೆ ಎಂದು ಬರೆದುಕೊಟ್ಟವರಿಗೆ ಮಾತ್ರ ಈ ಸೌಲಭ್ಯ ಕೊಡಬಾರದೇಕೆ? ಇನ್ನೊಂದು ಮಾತು. ಕ್ಯಾಂಪ್ ಆದಮೇಲೆ ನಮ್ಮದು ಟಿಬಿ ಊರು ಎಂಬ ಹೆಸರು ಬಿದ್ದಿದೆ. ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದಾರೆ. ಪರೀಕ್ಷೆಯನ್ನೇ ಮಾಡದ ಪಕ್ಕದ ಊರಿನವರು ನೆಮ್ಮದಿಯಾಗಿದ್ದಾರೆ.”

ಮೇಷ್ಟ್ರೇ, ನಾಲ್ಕು ಪುಟ ಕೈಬರಹ, ಒಂದು ಚಿತ್ತಿಲ್ಲ. ಇಂಥ ಪತ್ರ ಬರುವುದೇ ಅಪರೂಪ. ಅದಕ್ಕೇ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ದಂಡದ ವಿಷಯದಲ್ಲಿ ನಿಮ್ಮ ಜೊತೆ ನನ್ನ ತಕರಾರಿಲ್ಲ. 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ಸಾರ್ವಜನಿಕ ಜಾಗದಲ್ಲಿ ಸೇದುವುದು ನಿಷೇಧ. ದಂಡ 200 ರೂಪಾಯಿ ಇತ್ತು. ಅದನ್ನು ನಮ್ಮ ರಾಜ್ಯ 2025ರಲ್ಲಿ ಸಾವಿರದವರೆಗೆ ಏರಿಸಿತು. ತಂಬಾಕು ಕೊಳ್ಳುವವರ ವಯಸ್ಸಿನ ಮಿತಿ 18ರಿಂದ 21ಕ್ಕೆ ಹೋಯಿತು. ಹುಕ್ಕಾ ಬಾರ್ ನಡೆಸಿದರೆ ಜೈಲು ಎಂದಾಯಿತು. ಎಲ್ಲ ಸರಿ. ಬಸ್ಸಿಗೆ ಕಾಯುವ ಬಸುರಿ ಹೆಂಗಸು ಬೇರೆಯವರ ಹೊಗೆ ಕುಡಿಯಬೇಕಾಗಿಲ್ಲ.

ಆದರೆ “ಬರೆದುಕೊಟ್ಟವರಿಗೆ ಮಾತ್ರ” ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಎಷ್ಟು ಮಾತ್ರಕ್ಕೂ ಒಪ್ಪುವುದಿಲ್ಲ.

ನಮ್ಮ ಪತ್ರಿಕೆ ಮೊದಲು ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಒಬ್ಬರು ಬೈಂಡರ್ ಇದ್ದರು. ಕೆಲಸದಲ್ಲಿ ಅಚ್ಚುಕಟ್ಟು ಮನುಷ್ಯ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕೇ ಬೇಕು. ಕೆಮ್ಮು ಬಂದಾಗ ಫಾರಂ ಜೋಡಿಸುವುದನ್ನು ನಿಲ್ಲಿಸಿ, ಮೈದಾ ಅಂಟು ಮೆತ್ತಿದ ಎರಡೂ ಕೈಯನ್ನು ದೂರ ಹಿಡಿದು, ಬಾಯಿಯನ್ನು ತೋಳಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ಕಾಗದದ ಮೇಲೆ ಎಂಜಲು ಬೀಳಬಾರದು ಎಂದು. ಬೀಡಿ ಕೆಮ್ಮು ಅಂತ ಪ್ರೆಸ್ಸಿನವರೆಲ್ಲ ಸುಮ್ಮನಿದ್ದರು. ಆಮೇಲೆ ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದುಹೋದರು. ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರು ಕೆಂಪು ಸಿರಪ್ ಬರೆದುಕೊಟ್ಟು, “ಮೊದಲು ಬೀಡಿ ಬಿಟ್ಟು ಬಾ, ಆಮೇಲೆ ನೋಡೋಣ” ಅಂದರಂತೆ. ಇವರಿಂದ ಬೀಡಿ ಬಿಡಲಾಗಲಿಲ್ಲ. ಬಿಡದೆ ಆ ಡಾಕ್ಟರ ಮುಂದೆ ಹೋಗಿ ನಿಲ್ಲಲು ನಾಚಿಕೆ. ಹಾಗಾಗಿ ಹೋಗಲೇ ಇಲ್ಲ. ಒಂದು ರಾತ್ರಿ ಕೆಮ್ಮಿದಾಗ ರಕ್ತ ಬಂತು. ಆಗ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಕಫ ಪರೀಕ್ಷೆ ಆಯಿತು, ಕ್ಷಯ ಎಂದು ಗೊತ್ತಾಯಿತು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಸಣ್ಣ ಮೊಮ್ಮಗಳ ಕತ್ತಿನಲ್ಲಿ ಗಂಟು. ಅದೂ ಕ್ಷಯವೇ.

ಇಬ್ಬರಿಗೂ ವಾಸಿಯಾಯಿತು. ಆರು ತಿಂಗಳು ಮಾತ್ರೆ ನುಂಗಿದರು. ಆ ಅವಧಿಯಲ್ಲೇ ಅವರು ಬೀಡಿಯನ್ನೂ ಬಿಟ್ಟರು. ಮಾತ್ರೆ ಕೊಡುವ ಕಾರ್ಯಕರ್ತೆ ಪ್ರತಿ ಸಲವೂ ಬೈಯದೆ, “ಇವತ್ತು ಎಷ್ಟು ಸೇದಿದ್ರಿ?” ಎಂದು ಕೇಳುತ್ತಿದ್ದಳು. ನೋಡಿ ಮೇಷ್ಟ್ರೇ, ನೀವು ಹೇಳುವ ಶರತ್ತನ್ನು ಆ ಕ್ಲಿನಿಕ್ಕಿನ ಡಾಕ್ಟರು ಆಗಲೇ ಜಾರಿಗೆ ತಂದಿದ್ದರು. ಬೀಡಿ ನಿಲ್ಲಲಿಲ್ಲ. ನಿಂತದ್ದು ಪರೀಕ್ಷೆ ಒಂದೇ. ಅದರ ಬೆಲೆಯನ್ನು ಮಗು ತೆತ್ತಿತು.

ಬೀಡಿ ಸೇದುವವರನ್ನೇ ಯಾಕೆ ಹುಡುಕುತ್ತಾರೆ ಎಂದು ಕೇಳಿದ್ದೀರಿ. ರೋಗ ಅಲ್ಲಿ ಜಾಸ್ತಿ ಇರುವುದರಿಂದ. ಉಸಿರಿನ ನಾಳದ ಒಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿವೆ, ಧೂಳು ಕಫವನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಹೊಗೆ ಅವನ್ನು ಹಾಳುಮಾಡುತ್ತದೆ. ಶ್ವಾಸಕೋಶದಲ್ಲಿ ರೋಗಾಣುವನ್ನು ನುಂಗುವ ಕಣಗಳೂ ಮಂಕಾಗುತ್ತವೆ. 2003ರಲ್ಲಿ ಗಜಲಕ್ಷ್ಮಿ, ರಿಚರ್ಡ್ ಪೀಟೊ ಮತ್ತು ಜೊತೆಗಾರರು ತಮಿಳುನಾಡಿನಲ್ಲಿ ನಡೆಸಿದ ದೊಡ್ಡ ಅಧ್ಯಯನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸತ್ತ 43,000 ಗಂಡಸರ ಮನೆಗಳಿಗೆ ಹೋಗಿ ವಿವರ ಕೇಳಿದ್ದರು. ಸೇದದವರಿಗಿಂತ ಸೇದುವವರು ಕ್ಷಯದಿಂದ ಸಾಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಕಂಡಿತು. ನಮ್ಮ ದೇಶದಲ್ಲಿ ಗಂಡಸರ ಕ್ಷಯದ ಸಾವಿನಲ್ಲಿ ಸುಮಾರು ಅರ್ಧದ ಹಿಂದೆ ಬೀಡಿ ಸಿಗರೇಟು ಇದೆ ಎಂದು ಅವರು ಲೆಕ್ಕ ಹಾಕಿದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೇದುವವನು ಹೇಗೂ ಕೆಮ್ಮುತ್ತಾನೆ. ಹಾಗಾಗಿ ಕ್ಷಯದ ಕೆಮ್ಮು ಯಾರಿಗೂ ಹೊಸದಾಗಿ ಕೇಳಿಸುವುದಿಲ್ಲ. ಹೆಂಡತಿಗೂ ಇಲ್ಲ, ಡಾಕ್ಟರಿಗೂ ಇಲ್ಲ, ಅವನಿಗೂ ಇಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಬನ್ನಿ ಎಂದು ಗೋಡೆಯ ಮೇಲೆ ಬರೆದರೆ, ಹತ್ತು ವರ್ಷದಿಂದ ಕೆಮ್ಮುತ್ತಿರುವವನಿಗೆ ಅದು ತನಗೆ ಹೇಳಿದ್ದು ಅನ್ನಿಸುತ್ತದೆಯೇ?

ನಿಮ್ಮದೇ ಜಿಲ್ಲೆಯ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆಯಲ್ವಾ, ಅದು 1959ರಲ್ಲಿ ಶುರುವಾದದ್ದು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾ ನಿರ್ದೇಶಕರಾದ ಹಾಫ್‌ಡನ್ ಮಾಹ್ಲರ್ ಆಗ ಅಲ್ಲೇ ಕೆಲಸ ಮಾಡುತ್ತಿದ್ದರು. ಆ ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಕ್ಷಯ ಇರುವವರ ಮನೆಯಲ್ಲಿ ಕೂತು ಮಾತಾಡಿಸಿದರು. ಹಳ್ಳಿಯವರು ಮೂಢರು, ರೋಗವನ್ನು ಮುಚ್ಚಿಟ್ಟುಕೊಳ್ಳುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಇವರಿಗೆ ಕಂಡದ್ದೇ ಬೇರೆ. ಬಹುತೇಕ ಎಲ್ಲ ರೋಗಿಗಳಿಗೂ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು! ಅಲ್ಲಿ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು. ಈ ಅಧ್ಯಯನ 1963ರಲ್ಲಿ ಅಚ್ಚಾಯಿತು. ಜನ ಬರುವುದಿಲ್ಲ ಎಂಬ ದೂರು ಅಲ್ಲಿಗೆ ಸುಳ್ಳಾಯಿತು. ಬಂದವರ ಕಫ ನೋಡುವವರೇ ಇರಲಿಲ್ಲ. ಅರವತ್ತು ವರ್ಷದ ಮೇಲೂ ನಮ್ಮ ಬೈಂಡರಿಗೆ ಸಿಕ್ಕಿದ್ದು ಅದೇ ಬಾಟಲಿ. ನಿಮ್ಮ ಜಿಲ್ಲೆಯ ಅಜ್ಜ ಅಜ್ಜಿಯರು ಇಡೀ ಜಗತ್ತಿಗೆ ಕಲಿಸಿದ ಪಾಠ ಇದು. ನಿಮ್ಮಂಥವರು ಅದನ್ನು ಶಾಲೆಯಲ್ಲಿ ಹೇಳಿಕೊಡಬೇಕಿತ್ತು.

ನಿಮ್ಮೂರಿಗೆ ಬಂದ ಎಕ್ಸ್‌ರೇ ಮೆಷಿನ್ ಬಗ್ಗೆ ಸಿಟ್ಟು ಮಾಡಿಕೊಳ್ಳಬೇಡಿ. 2019ರಿಂದ 2021ರವರೆಗೆ ದೇಶದಾದ್ಯಂತ ಕ್ಷಯದ ಸಮೀಕ್ಷೆ ನಡೆಯಿತು. ಕೆಮ್ಮು ಜ್ವರ ಕೇಳಿಕೊಂಡು ಮಾತ್ರ ಹೋಗಿದ್ದರೆ ಶೇ 42ಕ್ಕೂ ಹೆಚ್ಚು ರೋಗಿಗಳು ಕೈತಪ್ಪಿಹೋಗುತ್ತಿದ್ದರು, ಎದೆಯ ಎಕ್ಸ್‌ರೇ ತೆಗೆದದ್ದರಿಂದ ಸಿಕ್ಕರು. ಲಕ್ಷಣ ಇದ್ದವರಲ್ಲೂ ಮೂರರಲ್ಲಿ ಎರಡು ಪಾಲು ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. ಅದಕ್ಕೇ 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನದ ಅಭಿಯಾನದಲ್ಲಿ ಸೇದುವವರು, ಕುಡಿಯುವವರು, ಸಕ್ಕರೆ ಕಾಯಿಲೆಯವರು, 60 ದಾಟಿದವರು, ತೂಕ ಕಡಿಮೆ ಇರುವವರು, ರೋಗಿಯ ಮನೆಯವರು ಇವರನ್ನೆಲ್ಲ ಹುಡುಕಿಕೊಂಡು ಹೋದರು. ಪಟ್ಟಿಯಲ್ಲಿರುವುದು ಸೇದುವವರಷ್ಟೇ ಅಲ್ಲ ನೋಡಿ. ನನಗೂ ನಿಮಗೂ ವಯಸ್ಸಿನ ಲೆಕ್ಕದಲ್ಲಿ ಅದರಲ್ಲಿ ಜಾಗ ಇದೆ.

ಹಳೆಯ ಕಾಲದಲ್ಲಿ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಒಬ್ಬರಿದ್ದರು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿದ ಮೇಲೆ, ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯಲ್ಲಿದ್ದ ಹರ್ಮನ್ ಬಿಗ್ಸ್ ಎಂಬ ವೈದ್ಯರು ಊರಿಗೆಲ್ಲ ಕಫ ಪರೀಕ್ಷೆಯನ್ನು ಪುಕ್ಕಟೆ ಮಾಡಿಸಿದರು. 1890ರ ದಶಕದ ಮಾತು. ಔಷಧದ ಅಂಗಡಿಗಳಲ್ಲಿ ಡಬ್ಬಿ ಇಡಿಸಿದರು. ಕಫ ತಂದು ಕೊಟ್ಟರೆ ಇಲಾಖೆಯ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಬೀದಿಯಲ್ಲಿ ಉಗುಳುವುದಕ್ಕೂ ಅದೇ ದಶಕದಲ್ಲಿ ಅಲ್ಲಿ ನಿಷೇಧ ಬಂತು. ದಂಡವೂ ಇತ್ತು, ಡಬ್ಬಿಯೂ ಇತ್ತು. ದಂಡ ಕಟ್ಟಿಸಿಕೊಂಡವನಿಗೆ ಡಬ್ಬಿ ಇಲ್ಲ ಎಂದು ಬಿಗ್ಸ್ ಹೇಳಲಿಲ್ಲ.

ನಮ್ಮಲ್ಲಿ ಆ ಡಬ್ಬಿಯ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದ್ದೀರಾ? ಆಶಾ ಕಾರ್ಯಕರ್ತೆ ಬಾಗಿಲ ಬಳಿ ನಿಂತು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾಳೆ. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯುತ್ತಾಳೆ, ಮುಚ್ಚಳದ ಮೇಲೆ ಬರೆಯುವುದಿಲ್ಲ. ಲ್ಯಾಬಿನಲ್ಲಿ ಮುಚ್ಚಳ ಅದಲು ಬದಲಾದರೆ ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಬೆಳಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಲ್ಲಿ ನಿಂತು, ಎರಡು ಮೂರು ಸಲ ಉದ್ದಕ್ಕೆ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ತೆಗೆಯಬೇಕು. ಎಂಜಲು ಉಗಿದು ಕೊಟ್ಟರೆ ಪರೀಕ್ಷೆ ವ್ಯರ್ಥ. ಇದನ್ನು ಅವಳು ಅಜ್ಜನಿಗೆ ಮಾಡಿ ತೋರಿಸುತ್ತಾಳೆ. ಹಳೆಯ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣು ಬೇಕಿತ್ತು. ಈಗಿನ ಸಿಬಿನ್ಯಾಟ್, ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಮೆಷಿನ್‌ಗಳಿಗೆ ನೂರರ ಲೆಕ್ಕದಲ್ಲಿದ್ದರೂ ಸಾಕು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ಆ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತವೆ. ಇಷ್ಟು ಒಳ್ಳೆಯ ಪರೀಕ್ಷೆ ಮನೆ ಬಾಗಿಲಿಗೆ ಬಂದಾಗ, ಮೊದಲು ಮುಚ್ಚಳಿಕೆ ಬರೆದುಕೊಡು ಅನ್ನಬೇಕೇ?

ತಿಂಗಳ ಸಾವಿರ ರೂಪಾಯಿ ನಿಮ್ಮ ಕಣ್ಣು ಕುಕ್ಕಿದೆ. ಅದು ಬಹುಮಾನವಲ್ಲ ಮೇಷ್ಟ್ರೇ, ಊಟ. 2018ರಲ್ಲಿ 500 ಇತ್ತು, 2024ರ ನವೆಂಬರ್‌ನಿಂದ ಸಾವಿರ ಆಯಿತು. ಊಟಕ್ಕೂ ಕ್ಷಯಕ್ಕೂ ಎಷ್ಟು ಸಂಬಂಧ ಎಂಬುದನ್ನು ತೋರಿಸಿಕೊಟ್ಟವರು ನಮ್ಮ ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿದ್ದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ರೋಗಿಗಳ ಮನೆಗಳಿಗೆ ಅಕ್ಕಿ ಬೇಳೆ ಹಾಲಿನಪುಡಿ ಎಣ್ಣೆ ಕೊಟ್ಟು ನೋಡಿದರು. ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿ. ಅರ್ಧ ಮನೆಗಳಲ್ಲಿ ಎಲ್ಲರಿಗೂ ಆಹಾರ, ಉಳಿದ ಕಡೆ ರೋಗಿಗೆ ಮಾತ್ರ. ಎಲ್ಲರಿಗೂ ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ 40ರಷ್ಟು ಇಳಿಯಿತು. 2023ರಲ್ಲಿ ಫಲಿತಾಂಶ ಹೊರಬಂತು. ಈಗ ನಿಮ್ಮ ಶರತ್ತನ್ನು ಅಲ್ಲಿಟ್ಟು ನೋಡಿ. ಅಪ್ಪ ಬೀಡಿ ಬಿಡಲಿಲ್ಲ ಎಂದು ಮಗಳ ತಟ್ಟೆಯಿಂದ ಬೇಳೆ ತೆಗೆಯುವುದು ಯಾವ ನ್ಯಾಯ?

ತಪ್ಪು ಸೇದುವವನದೇ ಎಂಬುದು ನಿಮ್ಮ ಪತ್ರದ ಧಾಟಿ. ಸ್ವಲ್ಪ ಹಿಂದಕ್ಕೆ ಹೋಗೋಣ. ಹುಣಸೂರು, ಪಿರಿಯಾಪಟ್ಟಣದಲ್ಲಿ ವರ್ಜೀನಿಯಾ ತಂಬಾಕು ಬೆಳೆಸಿ ಹರಾಜು ನಡೆಸುವುದು ಕೇಂದ್ರ ಸರ್ಕಾರದ್ದೇ ಆದ ತಂಬಾಕು ಮಂಡಳಿ. ನಿಪ್ಪಾಣಿಯ ಹೊಲಗಳಿಂದ ಬೀಡಿ ಹೊಗೆಸೊಪ್ಪು ಹೋಗುತ್ತದೆ. ದಕ್ಷಿಣ ಕನ್ನಡದಲ್ಲಿ ಹೆಂಗಸರು ಗೆರಸೆ ಮಡಿಲಲ್ಲಿಟ್ಟುಕೊಂಡು, ಆ ಪುಡಿಯ ಘಾಟು ಕುಡಿಯುತ್ತಾ, ಸಾವಿರ ಬೀಡಿಗೆ ಇಷ್ಟು ಎಂದು ಸುತ್ತುತ್ತಾರೆ. ಆ ಬೀಡಿ ನಿಮ್ಮೂರಿನ ಪೆಟ್ಟಿಗೆ ಅಂಗಡಿಗೆ ಬರುತ್ತದೆ. ಬಿಡಿ ಬಿಡಿಯಾಗಿ ಮಾರಬಾರದು ಎಂದು ರಾಜ್ಯ ಸರ್ಕಾರ 2017ರಲ್ಲೇ ಆದೇಶ ಮಾಡಿದೆ. ಸಂಜೆ ಒಮ್ಮೆ ಹೋಗಿ ನಿಂತು ನೋಡಿ, ಪಾಲನೆ ಹೇಗಿದೆ ಎಂದು. ಇದೆಲ್ಲದರ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಬಡವನ ಶ್ವಾಸಕೋಶವನ್ನು ಅತಿ ಹೆಚ್ಚು ತಿನ್ನುವ ವಸ್ತುವಿಗೆ ತೆರಿಗೆ ಕಡಿಮೆ! ಇದನ್ನು ಕೇಳುವವರು ಯಾರು?

ದಂಡದಲ್ಲೂ ಅದೇ ಕಥೆ. 30 ಕೋಣೆಗಳ ಹೋಟೆಲು, 30 ಕುರ್ಚಿಗಳ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇಲ್ಲೆಲ್ಲ ಸೇದುವವರಿಗೆ ಪ್ರತ್ಯೇಕ ಜಾಗಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಅಲ್ಲಿ ಎಸಿ, ಗಾಜಿನ ಗೋಡೆ. ಬಸ್ ನಿಲ್ದಾಣದ ಕೂಲಿಯವನಿಗೆ ಸಾವಿರ ರೂಪಾಯಿಯ ರಸೀದಿ. 2025ರಲ್ಲಿ ನರೇಗಾದಲ್ಲಿ ದಿನಕ್ಕೆ ಸಿಗುತ್ತಿದ್ದದ್ದು 370 ರೂಪಾಯಿ, ಆ ಲೆಕ್ಕದಲ್ಲಿ ದಂಡ ಎರಡೂವರೆ ದಿನಕ್ಕೂ ಮೀರಿದ ಕೂಲಿ. ದಂಡ ಬೇಡ ಎನ್ನುತ್ತಿಲ್ಲ. ರಸೀದಿ ಹರಿಯುವವರ ಪಕ್ಕದಲ್ಲಿ ಕಫದ ಡಬ್ಬಿ ಹಿಡಿದವರೂ ನಿಂತಿರಲಿ ಎನ್ನುತ್ತಿದ್ದೇನೆ. ಕ್ಷಯ ಮತ್ತು ತಂಬಾಕು ಎರಡನ್ನೂ ಜೊತೆಯಲ್ಲಿ ನೋಡಬೇಕು, ಬಿಡಲು ಬಂದವನಿಗೆ ಕಫ ಪರೀಕ್ಷೆ, ಕ್ಷಯದವನಿಗೆ ಬಿಡಲು ಸಹಾಯ ಎಂದು ಕೇಂದ್ರ ಸರ್ಕಾರವೇ 2017ರಲ್ಲಿ ಮಾರ್ಗಸೂಚಿ ಮಾಡಿದೆ. ಕಾಗದದಲ್ಲಿ ಎಷ್ಟು ಚೆನ್ನಾಗಿದೆ! ಅದನ್ನು ನಡೆಸಬೇಕಾದ ಆಶಾಗಳು 2025ರ ಜನವರಿಯಲ್ಲಿ ಸರಿಯಾದ ಗೌರವಧನ ಕೊಡಿ ಎಂದು ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆಯಬೇಕಾಯಿತು. ಅದಕ್ಕೂ ಹಿಂದಿನ ವರ್ಷ ಹಲವು ರಾಜ್ಯಗಳಲ್ಲಿ ಕ್ಷಯದ ಮಾತ್ರೆಯೇ ಖಾಲಿಯಾಗಿ, ನೀವೇ ಕೊಂಡುಕೊಳ್ಳಿ ಎಂದು ದೆಹಲಿಯಿಂದ ಪತ್ರ ಹೋಯಿತು. 2025ಕ್ಕೆ ಕ್ಷಯ ತೊಲಗಿಸುತ್ತೇವೆ ಎಂದು ಘೋಷಿಸಿದ ದೇಶದ ಕಥೆ ಇದು. ಇವತ್ತಿಗೂ ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮಲ್ಲೇ ಇದ್ದಾರೆ.

ಇನ್ನು ನಿಮ್ಮೂರಿನ ಹೆಸರಿನ ಮಾತು. ನಿಮ್ಮ ನೋವು ಅರ್ಥವಾಗುತ್ತದೆ. ಮದುವೆ ವಿಷಯದಲ್ಲಿ ಊರ ಬಾಯಿ ಎಷ್ಟು ಕೆಟ್ಟದ್ದು ಎಂದು ಗೊತ್ತು. ಆದರೆ ಈ ರೋಗ ಅರಮನೆಯನ್ನೂ ಬಿಟ್ಟಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಕುಟುಂಬವನ್ನೇ ಕ್ಷಯ ಕಾಡಿತು. ಅವರ ನೆನಪಿಗೆ ಅಣ್ಣತಮ್ಮಂದಿರು ಮುಚ್ಚುಮರೆ ಮಾಡಲಿಲ್ಲ. ಮೈಸೂರಿನ ಕ್ಷಯದ ಆಸ್ಪತ್ರೆ ಪಿ.ಕೆ. (ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ) ಸ್ಯಾನಿಟೋರಿಯಂ ಅವರ ಹೆಸರಿನಲ್ಲೇ ಇದೆ. ನೂರು ವರ್ಷದ ಹಿಂದೆ ಅರಸು ಮನೆತನಕ್ಕಿದ್ದ ಧೈರ್ಯ ಈಗ ನಮ್ಮ ಊರುಗಳಿಗೆ ಯಾಕಿಲ್ಲ?

ಪರೀಕ್ಷೆ ಮಾಡದ ಊರು ನೆಮ್ಮದಿಯಾಗಿದೆ ಎಂದಿರಿ. ನನಗೆ ಹೆದರಿಕೆ ಹುಟ್ಟಿಸಿದ ಸಾಲು ಅದು. 2023ರಲ್ಲಿ ಶುರುವಾದ ಕ್ಷಯಮುಕ್ತ ಪಂಚಾಯಿತಿ ಯೋಜನೆಯಲ್ಲಿ ಗಾಂಧೀಜಿಯ ಪುತ್ಥಳಿ ಕೊಡುತ್ತಾರೆ. ಮೊದಲ ವರ್ಷ ಕಂಚಿನ ಬಣ್ಣದ್ದು, ಆಮೇಲೆ ಬೆಳ್ಳಿ, ಚಿನ್ನ. ಸಾವಿರ ಜನಕ್ಕೆ ಒಬ್ಬರಿಗಿಂತ ಹೆಚ್ಚು ರೋಗಿಗಳಿರಬಾರದು ಎಂಬುದು ಒಂದು ನಿಯಮ. ಸಾವಿರಕ್ಕೆ ಕನಿಷ್ಠ 30 ಜನರನ್ನು ಪರೀಕ್ಷೆ ಮಾಡಿರಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಕಟ್ಟುನಿಟ್ಟಾಗಿ ನೋಡದಿದ್ದರೆ ಮೊದಲನೆಯದು ಅಪಾಯ. ಹುಡುಕದೆ ಹೋದರೆ ರೋಗಿ ಸಿಗುವುದಿಲ್ಲ, ಪುತ್ಥಳಿ ಸಿಗುತ್ತದೆ. ಮದ್ದಿಲ್ಲದೆ ಉಳಿದ ಒಬ್ಬ ರೋಗಿ ವರ್ಷದಲ್ಲಿ ಹತ್ತು ಹದಿನೈದು ಜನಕ್ಕೆ ಸೋಂಕು ಹಚ್ಚಬಲ್ಲ. ಸರಿಯಾದ ಮಾತ್ರೆ ಶುರುವಾದರೆ ಕೆಲವೇ ವಾರಗಳಲ್ಲಿ ಹರಡುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಈಗ ಹೇಳಿ, ಹೆಣ್ಣು ಕೊಡುವುದಾದರೆ ಯಾವ ಊರಿಗೆ ಕೊಡಬೇಕು? ರೋಗ ಹುಡುಕಿ ಮಾತ್ರೆ ಕೊಟ್ಟ ನಿಮ್ಮೂರಿಗಲ್ವಾ?

ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ. ಆ ನಾಲ್ಕು ಪುಟದ ಶ್ರಮವನ್ನು ಮುಂದಿನ ಗ್ರಾಮಸಭೆಯಲ್ಲಿ ಹಾಕಿ. ಕಳೆದ ವರ್ಷ ಎಷ್ಟು ಜನರ ಪರೀಕ್ಷೆ ಆಯಿತು, ಸಾವಿರಕ್ಕೆ 30 ದಾಟಿತೇ ಎಂದು ಕೇಳಿ. ರೋಗ ಇರುವವರ ಮನೆಮಂದಿಗೆಲ್ಲ ಪರೀಕ್ಷೆ ಆಯಿತೇ, ರೋಗ ಬಾರದಂತೆ ಕೊಡುವ ಮಾತ್ರೆ ಸಿಕ್ಕಿತೇ ಎಂದು ಕೇಳಿ. ಊಟದ ಹಣ ಎಷ್ಟು ಜನಕ್ಕೆ ಎಷ್ಟು ತಿಂಗಳಿಂದ ಬಂದಿಲ್ಲ ಎಂದು ಕೇಳಿ. ರೋಗಿಗಳ ಹೆಸರು ಬೇಡ, ಸಂಖ್ಯೆ ಸಾಕು. ಪಂಚಾಯಿತಿಯವರು ಏನು ಹೇಳಿದರು ಎಂದು ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ. ಬೀಡಿ ಬಿಡಬೇಕು, ಆಗುತ್ತಿಲ್ಲ ಎನ್ನುವವರು ಸಿಕ್ಕರೆ 1800-11-2356 ನಂಬರ್ ಬರೆದುಕೊಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಕರೆಯನ್ನು ನಿಮ್ಮ ಫೋನಿನಿಂದಲೇ, ನೀವು ಪಕ್ಕದಲ್ಲಿ ಕೂತು ಮಾಡಿಸಿದರೆ ಇನ್ನೂ ಒಳ್ಳೆಯದು.